ಅಲುಗಾಡದ ಅಂಕಿ

ನನ್ನ ಮೇಜಿನ ಮೇಲೆ ಒಂದು ಸ್ಲೇಟು ಇದೆ. ಮರದ ಚೌಕಟ್ಟಿನ, ಒಂದು ಮೂಲೆಯಲ್ಲಿ ಚಕ್ಕೆ ಎದ್ದ, ಒಂದನೆಯ ತರಗತಿಯ ಮಕ್ಕಳು ಹಿಂದೆ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದಂಥ ಕಲ್ಲಿನ ಸ್ಲೇಟು. ಈಗ ಇಂಥದ್ದು ಸಿಗುವುದೇ ಕಷ್ಟ. ಹಂಪನಕಟ್ಟೆಯಲ್ಲಿ ನಮ್ಮ ಕಚೇರಿಯ ಕೆಳಗಿನ ಪುಸ್ತಕದಂಗಡಿಯವರು ಅಟ್ಟ ಹತ್ತಿ, ಧೂಳು ಕೊಡವಿ ತೆಗೆದುಕೊಟ್ಟದ್ದು. ಅದರ ಮೇಲೆ ಬಳಪದಲ್ಲಿ ಒಂದೇ ಒಂದು ಸಾಲು ಇದೆ: ಅಂಕಿ ಅಲುಗಾಡದಿದ್ದರೆ ನಂಬಬೇಡಿ. ಮನೆಗೆ ಬಂದವರು ಅದನ್ನು ಓದಿ, ‘ಇದೆಂತ ಟೀಚರ್, ವೇದಾಂತವಾ?’ ಎಂದು ಕೇಳುತ್ತಾರೆ. ವೇದಾಂತವಲ್ಲ ಮಾರಾಯ್ರೆ, ಬಳಕೆಯ ಸೂಚನೆ. ನಾನು ಅದನ್ನು ಬರೆಯಬೇಕಾದ ಜಾಗದಲ್ಲಿ ಬರೆಯಲಿಲ್ಲ. ಅದರಿಂದಾಗಿ ನಮ್ಮ ಪಕ್ಕದ ಮನೆಯ ಸತೀಶ ತನ್ನ ತಾಯಿಯ ಮುಖವನ್ನು ಕಡೆಯ ಸಲ ನೋಡದೆ ಹೋದ. ಇಷ್ಟು ಹೇಳಿದ ಕೂಡಲೇ ಬಂದವರು ಚಹಾದ ಲೋಟ ಕೆಳಗಿಟ್ಟು ಮಾತು ಬದಲಿಸುತ್ತಾರೆ. ನೀವು ಹಾಗೆ ಮಾಡಬೇಡಿ, ಸ್ವಲ್ಪ ಕೂತುಕೊಳ್ಳಿ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಹದಿನೆಂಟು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ, ಕೊನೆಗೆ ಹೇಳುವ ಉತ್ಸಾಹ ತೀರಿ, ಬರೆಯುವ ಕೆಲಸಕ್ಕೆ ಬಂದವಳು. ಟೀಚರ್ ಎಂಬ ಹೆಸರು ಮಾತ್ರ ಬಿಟ್ಟುಹೋಗಲಿಲ್ಲ. ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ ಏಳು ಜನರ ನಮ್ಮ ಕಂಪನಿ. ಶೈತ್ಯಕ್ಕೆ ಸಂಬಂಧಪಟ್ಟ ಯಂತ್ರಗಳಿಗೆ, ಎಂದರೆ ಮೀನಿನ ಐಸ್ ಪ್ಲಾಂಟು, ಔಷಧಿಯ ಫ್ರಿಜ್ಜು ಮುಂತಾದವಕ್ಕೆ, ಒಳಗೆ ಎಷ್ಟು ತಂಪು ಉಂಟೆಂದು ಅಳೆದು ಹೊರಗೆ ಅಂಕಿಯಲ್ಲಿ ತೋರಿಸುವ ಬೋರ್ಡು ಮಾಡುತ್ತೇವೆ. ಆ ಬೋರ್ಡುಗಳ ಹೊಟ್ಟೆಯೊಳಗೆ ಒಂದು ಲೈಬ್ರರಿ ಇದೆ. ಪುಸ್ತಕದ್ದಲ್ಲ, ಸಿ ಭಾಷೆಯಲ್ಲಿ ಬರೆದ, ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸಿಕೊಳ್ಳುವ ಸಣ್ಣಸಣ್ಣ ಆಜ್ಞೆಗಳ ಕಟ್ಟು. ಬೋರ್ಡಿನ ಚಿಪ್ಪುಗಳ ನಡುವೆ ಮಾತು ಸಾಗಿಸುವ ತಂತಿಗಳಿಗೆ ನಮ್ಮ ಕಸುಬಿನಲ್ಲಿ ಬಸ್ ಎನ್ನುತ್ತಾರೆ. ಆ ಬಸ್ಸನ್ನು ನೇರವಾಗಿ ಮುಟ್ಟಿ ಮಾತಾಡಿಸುವುದು ಈ ಲೈಬ್ರರಿಯ ಕೆಲಸ, ಅದನ್ನು ಹೇಗೆ ಬಳಸಬೇಕೆಂದು ಬರೆದಿಡುವುದು ನನ್ನ ಕೆಲಸ. ನಾನು ಬಸ್ಸಿನ ಬಗ್ಗೆ ಬರೆಯುತ್ತೇನೆಂದು ಕೇಳಿದ ನಮ್ಮ ಅತ್ತೆ, ‘ಹಾಗಾದ್ರೆ ಶಕ್ತಿನಗರಕ್ಕೆ ಸಂಜೆ ಇನ್ನೊಂದು ಬಸ್ಸು ಬಿಡ್ಲಿಕ್ಕೆ ಬರಿ’ ಎಂದಿದ್ದರು. ಆಗ ನಗುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

ಬಸ್ಸೆಂದರೆ ಬರೀ ಎರಡು ತಂತಿ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ಆ ಮಾತಿನ ತಾಳ. ತಾಪ ಅಳೆಯುವ ಚಿಪ್ಪು, ಗಂಟೆ ಹೇಳುವ ಚಿಪ್ಪು, ನೆನಪಿಟ್ಟುಕೊಳ್ಳುವ ಚಿಪ್ಪು ಎಲ್ಲವೂ ಅದೇ ಎರಡು ತಂತಿಗೆ ಜೋತುಬಿದ್ದಿರುತ್ತವೆ. ಪ್ರತಿಯೊಂದಕ್ಕೂ ಒಂದು ಮನೆ ನಂಬರು. ತನ್ನ ನಂಬರು ಕರೆದಾಗ ಮಾತ್ರ ಬಾಯಿ ತೆರೆಯಬೇಕು, ಉಳಿದಂತೆ ಸುಮ್ಮನಿರಬೇಕು. ಇಷ್ಟು ಮರ್ಯಾದಸ್ಥರ ಸಭೆ ನಮ್ಮಲ್ಲಿ ಎಲ್ಲಿದೆ ಹೇಳಿ. ಆದರೆ ಇದಕ್ಕೊಂದು ದೌರ್ಬಲ್ಯ ಉಂಟು. ತಂತಿಯ ವೋಲ್ಟೇಜನ್ನು ಮೇಲಕ್ಕೆತ್ತಿ ಹಿಡಿದಿರುವುದು ಒಂದು ಸಣ್ಣ ರೆಸಿಸ್ಟರು; ಚಿಪ್ಪುಗಳಿಗೆ ಇರುವುದು ಕೆಳಕ್ಕೆ ಜಗ್ಗುವ ಶಕ್ತಿ ಮಾತ್ರ. ವಿದ್ಯುತ್ತು ಏರುಪೇರಾದಾಗ ಮಾತಿನ ನಡುವೆ ತಬ್ಬಿಬ್ಬಾದ ಒಂದು ಚಿಪ್ಪು ತಂತಿಯನ್ನು ಜಗ್ಗಿ ಹಿಡಿದುಕೊಂಡೇ ಉಳಿದರೆ, ಬಾವಿಯ ಹಗ್ಗವನ್ನು ಒಬ್ಬಳೇ ಹಿಡಿದು ನಿಂತಾಗ ಉಳಿದವರ ಕೊಡ ಬರಿದಾಗಿಯೇ ಇರುವಂತೆ, ಎಲ್ಲವೂ ಮೂಕವಾಗುತ್ತವೆ.

ಈ ಲೈಬ್ರರಿಯನ್ನು ಬರೆದವರು ಹನೀಫಾಕ. ಕಂಕನಾಡಿಯವರು, ವ್ಯಾಪಾರಸ್ಥರ ಮನೆತನ. ಅಣ್ಣತಮ್ಮಂದಿರೆಲ್ಲ ಅಂಗಡಿ, ಗಲ್ಫು ಎಂದು ಹೋದರೆ ಇವರೊಬ್ಬರು ರೇಡಿಯೋ ಬಿಚ್ಚಿ ಕೂತು, ಹಾಗೇ ಕಲಿಯುತ್ತಾ ಇಲ್ಲಿಗೆ ಮುಟ್ಟಿದವರು. ಮನೆಯಲ್ಲಿ ಅವರದು ಬ್ಯಾರಿ ಭಾಷೆ, ಆದರೆ ನಮ್ಮ ಕಚೇರಿಯ ಮಾತೆಲ್ಲ ತುಳು. ಆದ್ದರಿಂದ ಅವರು ಆಜ್ಞೆಗಳಿಗೂ ತುಳುವಿನ ಹೆಸರನ್ನೇ ಇಟ್ಟಿದ್ದರು. ಚಿಪ್ಪಿಗೆ ಏನಾದರೂ ಹೇಳುವುದಕ್ಕೆ ‘ಪಣ್’, ಅದರಿಂದ ಕೇಳಿ ತಿಳಿಯುವುದಕ್ಕೆ ‘ಕೇಣ್’, ಜಗ್ಗಿ ಹಿಡಿದ ತಂತಿಯನ್ನು ಒಂಬತ್ತು ಸಲ ತಾಳ ತಟ್ಟಿ ಬಿಡಿಸುವುದಕ್ಕೆ ‘ಬುಡು’. ಇವೆಲ್ಲಕ್ಕೂ ಮೊದಲು, ಆ ಕಡೆ ಚಿಪ್ಪು ಬದುಕಿದೆಯೋ ಇಲ್ಲವೋ ಎಂದು ವಿಚಾರಿಸುವುದಕ್ಕೆ ‘ಉಂಡಾ’; ಎಂದರೆ, ಉಂಟಾ, ಇದೆಯಾ. ನಮ್ಮಲ್ಲಿ ಯಾರೂ ‘ಉಂಡಾ’ ಎನ್ನದೆ ‘ಕೇಣ್’ ಎನ್ನುತ್ತಿರಲಿಲ್ಲ. ಯಾರದಾದರೂ ಅಂಗಳಕ್ಕೆ ಹೋದವರು ‘ಒಳಗೆ ಇದ್ದೀರಾ’ ಎಂದು ಕೂಗದೆ ಚಾವಡಿ ಹತ್ತುವುದುಂಟೇ? ಅಷ್ಟೇ ಸಹಜವಾದ ರೂಢಿ. ರೂಢಿಯಾದ್ದರಿಂದಲೇ ಅದನ್ನು ಎಲ್ಲಿಯೂ ಯಾರೂ ಬರೆದಿಟ್ಟಿರಲಿಲ್ಲ. ಸಂಶಯ ಬಂದರೆ ಹನೀಫಾಕರನ್ನು ಕೇಳಿದರೆ ಆಯಿತಲ್ಲ.

ಹಾಗಿರುವಾಗ ಹನೀಫಾಕರ ಗಂಟಲಿನಲ್ಲಿ ಗಡ್ಡೆ ಎದ್ದಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಆಗ ನಮ್ಮ ಮಾಲೀಕರಿಗೆ ಹೊಳೆದದ್ದು, ಇಷ್ಟು ವರ್ಷದ ವಿದ್ಯೆ ಒಬ್ಬ ಮನುಷ್ಯನ ಬಾಯಲ್ಲಿ ಮಾತ್ರ ಇತ್ತೆಂದು. ‘ಟೀಚರ್, ನೀವು ಕೂತು ಎಲ್ಲ ಬರ್ಕೊಳ್ಳಿ, ಚಂದ ಇಂಗ್ಲಿಷಲ್ಲಿ, ಹೊರಗಿನವರಿಗೂ ಕೊಡುವ ಹಾಗೆ’ ಎಂದರು. ಸ್ಲೇಟು ತಂದದ್ದು ಆಗ. ಮೊಬೈಲಿನಲ್ಲಿ ಬೆರಳಾಡಿಸಿ ಬರೆಯುವುದೆಂದರೆ ಹನೀಫಾಕರಿಗೆ ಮೈಯುರಿ. ದಿನವೂ ಬೆಳಿಗ್ಗೆ ಹತ್ತಕ್ಕೆ ಅವರ ಮನೆಗೆ ಹೋಗುತ್ತಿದ್ದೆ. ಅವರ ಹೆಂಡತಿ ಜಮೀಲಕ್ಕ ಕಪ್ಪು ಚಹಾ ಇಟ್ಟು ಹೋಗುತ್ತಿದ್ದರು. ನಾನು ಕೇಳುವುದು, ಅವರು ಸ್ಲೇಟಿನ ಮೇಲೆ ಬರೆಯುವುದು, ನಾನು ಓದಿ ತಲೆಯಾಡಿಸುವುದು, ಅವರು ಒದ್ದೆ ಬಟ್ಟೆಯಿಂದ ಒರೆಸುವುದು. ಕೊರಳಿನ ತೂತಿನಿಂದ ಉಸಿರು ಸುಯ್ಯೆನ್ನುತ್ತಿತ್ತು. ಬಳಪದ ಕಿರಿಚಲು ಕೇಳಿ ಕೇಳಿ, ಅದೇ ಅವರ ದನಿಯೆಂದು ನನ್ನ ಕಿವಿ ಒಪ್ಪಿಕೊಂಡುಬಿಟ್ಟಿತು.

ಒಂದು ದಿನ ‘ಕೇಣ್’ ಬಗ್ಗೆ ಬರೆಸಿಕೊಳ್ಳುತ್ತಿದ್ದೆ. ಅವರು ವಿವರವೆಲ್ಲ ಮುಗಿಸಿ, ಒರೆಸಿ, ಕೊನೆಗೆ ದೊಡ್ಡ ಅಕ್ಷರದಲ್ಲಿ ಬರೆದರು: ಅಂಕಿ ಅಲುಗಾಡದಿದ್ದರೆ ನಂಬಬೇಡಿ. ನಿಜವಾದ ತಾಪ ಎಂದೂ ಒಂದೇ ಕಡೆ ನಿಲ್ಲುವುದಿಲ್ಲ. ದಶಾಂಶದ ನಂತರದ ಅಂಕಿ ಸದಾ ಮಿಸುಕುತ್ತಿರುತ್ತದೆ. ನಿಂತಿತೆಂದರೆ ಆ ಕಡೆಯಿಂದ ಮಾತು ನಿಂತಿದೆ, ‘ಕೇಣ್’ ತನ್ನ ಹತ್ತಿರವಿದ್ದ ಹಳೆಯ ಅಂಕಿಯನ್ನೇ ಮತ್ತೆ ಮತ್ತೆ ಕೊಡುತ್ತಿದೆ ಎಂದು ಅರ್ಥ. ನಾನು ನಕ್ಕೆ. ‘ಇದನ್ನೆಲ್ಲ ಡಾಕ್ಯುಮೆಂಟಲ್ಲಿ ಬರೆದ್ರೆ ಅಜ್ಜಿಮದ್ದಿನ ಪುಸ್ತಕ ಆದೀತು ಹನೀಫಾಕ’ ಎಂದೆ. ಅವರು ಹುಬ್ಬೇರಿಸಿ ನನ್ನನ್ನೊಮ್ಮೆ ನೋಡಿದರು, ಸ್ಲೇಟನ್ನು ಬಳಪದಿಂದ ಎರಡು ಸಲ ಕುಟ್ಟಿದರು, ಆಮೇಲೆ ನಿಧಾನವಾಗಿ ಒರೆಸಿದರು. ನನ್ನ ದಾಖಲೆಯಲ್ಲಿ ‘ಕೇಣ್’ ಹೆಸರು ಬದಲಾಗಿ ಇಂಗ್ಲಿಷಾಯಿತು. ಅದರ ಕೆಳಗೆ ‘ತಾಪಮಾನವನ್ನು ಕೊಡುತ್ತದೆ’ ಎಂಬರ್ಥದ ಒಂದೇ ವಾಕ್ಯ. ‘ಉಂಡಾ’ ಕೊನೆಯ ಪುಟದಲ್ಲಿ, ಬೇಕಾದರೆ ಬಳಸಿ ಎನ್ನುವ ಇತರ ಆಜ್ಞೆಗಳ ನಡುವೆ ಸೇರಿತು. ದಾಖಲೆ ಅಚ್ಚುಕಟ್ಟಾಗಿದೆಯೆಂದು ಎಲ್ಲರೂ ಹೊಗಳಿದರು. ನನಗೂ ಒಳಗೊಳಗೇ ಜಂಬ.

ಆ ದಾಖಲೆಯನ್ನೂ ನಮ್ಮ ಬೋರ್ಡನ್ನೂ ಹೊರಗಿನ ಒಂದು ಕಂಪನಿ ತೆಗೆದುಕೊಂಡಿತು. ಅವರು ಮಾಡುತ್ತಿದ್ದದ್ದು ಹೆಣ ಇಡುವ ಶೈತ್ಯಪೆಟ್ಟಿಗೆ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಗೊಬ್ಬರು ಮಸ್ಕತ್ತಿನಲ್ಲೋ ಕುವೈತಿನಲ್ಲೋ ಇರುವ ಕಡೆ, ಸತ್ತವರು ಕಾಯಬೇಕಾಗುತ್ತದೆ. ಯಾರೋ ಫೋನು ಮಾಡುತ್ತಾರೆ, ಮೇಲೆ ಗಾಜಿನ ಮುಚ್ಚಳವಿರುವ ಉದ್ದನೆಯ ಪೆಟ್ಟಿಗೆಯೊಂದು ಟೆಂಪೋದಲ್ಲಿ ಬಂದು ಚಾವಡಿಯಲ್ಲಿ ಇಳಿಯುತ್ತದೆ, ಮಗ ಬರುವ ತನಕ ತಾಯಿ ಅದರಲ್ಲಿ ಮಲಗಿರುತ್ತಾಳೆ.

ಶಕ್ತಿನಗರದ ನಮ್ಮ ಪಕ್ಕದ ಮನೆಯ ವಾರಿಜಕ್ಕ ಒಂದು ಗುರುವಾರ ಬೆಳಿಗ್ಗೆ, ಮಲ್ಲಿಗೆ ಕಟ್ಟುತ್ತಾ ಕೂತಲ್ಲೇ, ಪಕ್ಕಕ್ಕೆ ವಾಲಿದವರು ಮತ್ತೆ ಏಳಲಿಲ್ಲ. ಒಬ್ಬನೇ ಮಗ ಸತೀಶ ಕುವೈತಿನಲ್ಲಿ. ಟಿಕೇಟು ಸಿಕ್ಕಿದ್ದು ಶುಕ್ರವಾರಕ್ಕೆ, ವಿಮಾನ ತಡವಾಗಿ ಅದು ಶನಿವಾರವಾಯಿತು. ಗುರುವಾರ ಮಧ್ಯಾಹ್ನ ಪೆಟ್ಟಿಗೆ ಬಂತು. ಅದರ ಬದಿಯ ಕೆಂಪು ಅಂಕಿಗಳನ್ನು ನೋಡಿದ ಕೂಡಲೇ ನನಗೆ ನಮ್ಮ ಬೋರ್ಡಿನ ಗುರುತು ಸಿಕ್ಕಿತು. ಸಾವಿನ ಮನೆಯಲ್ಲಿ ಹೆಮ್ಮೆಪಡುವುದು ಎಂಥ ಹಲ್ಕಟ್ ಬುದ್ಧಿ! ಆದರೆ ಹೆಮ್ಮೆಪಟ್ಟೆ, ಇಲ್ಲವೆಂದರೆ ಸುಳ್ಳಾಗುತ್ತದೆ. ವಾರಿಜಕ್ಕನ ಅಣ್ಣ ದೂಮಣ್ಣ ಗಳಿಗೆಗೊಮ್ಮೆ ಬಂದು ಕೇಳುತ್ತಿದ್ದರು.

‘ಟೀಚರ್, ತಂಪು ಸರಿ ಉಂಟಲ್ಲ? ಹುಡುಗ ಬರುವಾಗ ಮುಖ ಚಂದ ಇರ್ಬೇಕು.’

‘ಮೂರೂಕಾಲು ಡಿಗ್ರಿ ಉಂಟು ದೂಮಣ್ಣ, ಎಂತ ಹೆದರ್ಬೇಡಿ. ಇದು ನಮ್ಮದೇ ಬೋರ್ಡು.’

ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ನಿಮಗಾಗಿ ಕನ್ನಡ. ಆದರೆ ‘ನಮ್ಮದೇ ಬೋರ್ಡು’ ಎಂದಾಗ ನನ್ನ ದನಿಯಲ್ಲಿದ್ದ ಭರವಸೆಯನ್ನು ಯಾವ ಭಾಷೆಗೂ ತರಲಾರೆ.

ನಮ್ಮ ಕಡಲತಡಿಯ ಸೆಕೆ ನಿಮಗೆ ಗೊತ್ತೇ ಇದೆ. ಒಳಗೆ ತಂಪಿದ್ದರೆ ಗಾಜಿನ ಹೊರಮೈ ನೀರಾಡಿ ಬೆವರುತ್ತದೆ. ಗುರುವಾರವೆಲ್ಲ ನಾನೇ ಒಂದು ಹಳೆಯ ಬೈರಾಸು ಹಿಡಿದು ಆ ಗಾಜನ್ನು ಒರೆಸುತ್ತಾ ಕೂತಿದ್ದೆ; ನೋಡಲು ಬಂದವರಿಗೆ ವಾರಿಜಕ್ಕನ ಮುಖ ಕಾಣಬೇಕಲ್ಲ. ಶುಕ್ರವಾರ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಪೆಟ್ಟಿಗೆಯ ಅಂಕಿ ಹೊತ್ತಿಕೊಂಡು ಮೂರೂಕಾಲು ಎಂದಿತು. ಸಮಾಧಾನವಾಯಿತು. ಸಂಜೆಯ ಹೊತ್ತಿಗೆ ಗಮನಿಸಿದೆ, ಬೈರಾಸು ಒಣಗಿತ್ತು. ಗಾಜು ಒರೆಸುವ ಕೆಲಸ ಇಲ್ಲವಾಗಿತ್ತು. ಅದು ಒಳ್ಳೆಯದೇ ಎಂದುಕೊಂಡೆನಲ್ಲ! ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳ ಕೈಯಲ್ಲಿ ಒಣಗಿದ ಬಟ್ಟೆ ಇತ್ತು, ಕಣ್ಣೆದುರು ಬೆವರದ ಗಾಜಿತ್ತು, ಮತ್ತು ನಾನು ನಂಬಿದ್ದು ಅಂಕಿಯನ್ನು. ಅದು ಮೂರೂಕಾಲಿನಿಂದ ಒಂದು ಕೂದಲೆಳೆಯಷ್ಟೂ ಮಿಸುಕಿರಲಿಲ್ಲ. ಆಗಿದ್ದುದು ಇಷ್ಟೇ ಎಂದು ಆಮೇಲೆ ತಿಳಿಯಿತು: ಕರೆಂಟಿನ ಏಟಿಗೆ ಕಂಪ್ರೆಸರು ನಿಂತಿತ್ತು, ಬಂದ ಕರೆಂಟಿನಲ್ಲಿ ತಾಪದ ಚಿಪ್ಪು ಒಂದೇ ಒಂದು ಸಲ ಉತ್ತರ ಕೊಟ್ಟು, ಮರುಕ್ಷಣದ ಹೊಡೆತಕ್ಕೆ ತಂತಿಯನ್ನು ಜಗ್ಗಿ ಹಿಡಿದುಕೊಂಡಿತ್ತು, ಪೆಟ್ಟಿಗೆಯವರು ನನ್ನ ದಾಖಲೆ ನೋಡಿ ಬರೆದ ಪ್ರೋಗ್ರಾಮು ‘ಉಂಡಾ’ ಎಂದು ವಿಚಾರಿಸದೆ, ಹಳೆಯ ಅಂಕಿಯನ್ನೇ ಹೊಸತೆಂದು ತೋರಿಸುತ್ತಾ ಇತ್ತು.

ಶನಿವಾರ ಬೆಳಿಗ್ಗೆ ವಾಸನೆ ಬಂತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ; ಊದುಬತ್ತಿ ಹೆಚ್ಚಾಯಿತು, ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಇಳಿದರು. ದೂಮಣ್ಣ ಒಂದು ಸಲ ಗಾಜಿನ ಹತ್ತಿರ ಬಗ್ಗಿ ನೋಡಿ, ಒಳಗೆ ಹೋಗಿ, ಬಿಳಿ ಬಟ್ಟೆ ತಂದು ತಂಗಿಯ ಮುಖ ಮುಚ್ಚಿಸಿದರು. ಮಧ್ಯಾಹ್ನ ಸತೀಶ ಬಂದು, ಹೆಗಲ ಬ್ಯಾಗನ್ನೂ ತೆಗೆಯದೆ ಪೆಟ್ಟಿಗೆಯ ಎದುರು ಕುಸಿದ. ‘ಒಮ್ಮೆ ತೆಗೀರಿ ಮಾವ, ಒಮ್ಮೆ’ ಎಂದು ಎಷ್ಟು ಗೋಗರೆದರೂ ದೂಮಣ್ಣ ಬಿಡಲಿಲ್ಲ. ಬಟ್ಟೆ ಸುತ್ತಿದ ಪಾದಗಳನ್ನು ಮಾತ್ರ ಮುಟ್ಟಲು ಕೊಟ್ಟರು. ಬದಿಯಲ್ಲಿ ಆ ಕೆಂಪು ಅಂಕಿ ಆಗಲೂ ಮೂರೂಕಾಲು ಎನ್ನುತ್ತಿತ್ತು.

ಸೋಮವಾರ ನಾನು ನನ್ನದೇ ದಾಖಲೆಯನ್ನು ತೆರೆದು ಕೂತೆ. ಒಂದು ತಪ್ಪಕ್ಷರವೂ ಇರಲಿಲ್ಲ. ಅಲ್ಲಿಂದ ನೇರ ಕಂಕನಾಡಿಗೆ ಹೋಗಿ ಹನೀಫಾಕರ ಎದುರು ಎಲ್ಲವನ್ನೂ ಹೇಳಿಕೊಂಡೆ. ಬೈದು ಬರೆದಾರು, ಸ್ಲೇಟು ಕುಟ್ಟಿಯಾರು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹಾಗೆ ಮಾಡಲಿ ಎಂದೇ ಹೋಗಿದ್ದೆ. ಅವರು ಕೊರಳಿನ ಪಟ್ಟಿ ಸರಿಮಾಡಿಕೊಂಡು ಬಳಪ ಎತ್ತಿಕೊಂಡರು. ಬರೆದರು, ಒರೆಸಿ ಒರೆಸಿ, ತುಂಡು ತುಂಡಾಗಿ: ‘ಕೇಣನ್ನು ಮೊದಲು ನಾನು ಹಾಗೆ ಬರೆದಿರಲಿಲ್ಲ. ಮಾತು ನಿಂತರೆ ಅಂಕಿಯ ಜಾಗದಲ್ಲಿ ಬರೀ ಗೆರೆ ಬರುತ್ತಿತ್ತು. ಗೆರೆ ಕಂಡರೆ ಜನ ಹೆದರುತ್ತಾರೆ, ಮಿಷನು ಹಾಳು ಅಂತ ವಾಪಸು ತರುತ್ತಾರೆ. ಹೆದರುವುದು ಬೇಡ, ಒಂದೆರಡು ಕ್ಷಣಕ್ಕೆ ಹಳೆ ಅಂಕಿ ಇರಲಿ ಅಂತ ಹಾಕಿದೆ. ಎರಡೇ ಕ್ಷಣಕ್ಕೆ ನಿಲ್ಲಿಸುವ ಸಾಲು ಸೇರಿಸಬೇಕಿತ್ತು. ಸೇರಿಸಲಿಲ್ಲ. ನಾನಿದ್ದೇನಲ್ಲ, ಬಾಯಲ್ಲಿ ಹೇಳಿದರಾಯ್ತು ಅಂದುಕೊಂಡೆ.’

ಬಾಯಿ ಎಂಬ ಪದವನ್ನು ಬರೆಯುವಾಗ ಬಳಪ ಮುರಿಯಿತು. ಉಳಿದ ತುಂಡಿನಲ್ಲಿ ಆ ಹಳೆಯ ಸಾಲನ್ನು ಮತ್ತೆ ಬರೆದು, ಈ ಸಲ ಒರೆಸದೆ, ಸ್ಲೇಟನ್ನು ನನ್ನ ತೊಡೆಯ ಮೇಲಿಟ್ಟರು. ಬಾಗಿಲಲ್ಲಿ ನಿಂತಿದ್ದ ಜಮೀಲಕ್ಕ ಕಣ್ಣೊರೆಸಿಕೊಂಡು, ‘ನೀವಾದ್ರೂ ಬರೀರಿ ಟೀಚರ್, ಅವರಿಗೆ ನಿದ್ದೆ ಇಲ್ಲದ ಹಾಗೆ ಆಗ್ತದೆ ಇನ್ನು’ ಎಂದರು.

ಬರೆದೆ. ಆ ವಾಕ್ಯ ಈಗ ದಾಖಲೆಯ ಮೊದಲ ಪುಟದಲ್ಲಿದೆ, ‘ಉಂಡಾ’ ಎರಡನೆಯದರಲ್ಲಿ. ಆಜ್ಞೆಗಳಿಗೆ ಅವರಿಟ್ಟ ತುಳು ಹೆಸರುಗಳನ್ನೇ ವಾಪಸು ತಂದಿದ್ದೇನೆ. ಬೋರ್ಡು ಕೊಂಡವರಿಗೆಲ್ಲ ಆದದ್ದನ್ನು ತಿಳಿಸುತ್ತೇನೆಂದಾಗ ಮಾಲೀಕರು, ‘ಅದೆಲ್ಲ ಎಂತಕ್ಕೆ, ಹೊಸದರಲ್ಲಿ ಸರಿ ಮಾಡಿದ್ರೆ ಸಾಕಲ್ಲ’ ಎಂದರು. ಸಾಕಾಗುವುದಿಲ್ಲ ಎಂದು ಜಗಳವಾಡಿ ಎಲ್ಲರಿಗೂ ಪತ್ರ ಕಳಿಸಿದೆ. ಇಷ್ಟರಮಟ್ಟಿಗೆ ನನ್ನ ಧೈರ್ಯ ಕಾಗದದ ಮೇಲೆ ಚೆನ್ನಾಗಿಯೇ ಓಡಿತು.

ಆದರೆ ಬೇಲಿಯ ಆಚೆ ಸತೀಶ ಇದ್ದ. ಹದಿಮೂರನೆಯ ದಿನದ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಸಿ ಮರುದಿನವೇ ಅವನು ಕುವೈತಿಗೆ ಮರಳುವವನು. ಕಂಡವರಿಗೆಲ್ಲ ಅವನದು ಒಂದೇ ಮಾತು: ‘ನಾನು ಒಂದು ದಿವಸ ಬೇಗ ಬಂದಿದ್ರೆ ಅಮ್ಮನ ಮುಖ ಸಿಗ್ತಿತ್ತು. ನನ್ನಿಂದಲೇ ಆದದ್ದು.’ ಕೇಳಿದವರು ವಿಧಿಯೆಂದು ಬೆನ್ನು ಸವರುತ್ತಿದ್ದರು. ಅವನ ತಡದಿಂದ ಏನೂ ಆಗಿರಲಿಲ್ಲವೆಂದು, ಪೆಟ್ಟಿಗೆ ನೆಟ್ಟಗಿದ್ದರೆ ಇನ್ನೂ ಎರಡು ದಿನ ಆ ಮುಖ ಅವನಿಗಾಗಿ ಕಾಯುತ್ತಿತ್ತೆಂದು ಬಲ್ಲವಳು ಇಡೀ ಶಕ್ತಿನಗರದಲ್ಲಿ ನಾನೊಬ್ಬಳೇ. ಹತ್ತು ದಿನ ನುಂಗಿಕೊಂಡೆ. ಬೊಜ್ಜದ ಊಟದ ಎಲೆಯನ್ನು ಅರ್ಧಕ್ಕೇ ಮಡಚಿ ಎದ್ದುಬಂದೆ. ಮರುದಿನ ಬೆಳಿಗ್ಗೆ ಅವನು ಬ್ಯಾಗಿಗೆ ಹಗ್ಗ ಬಿಗಿಯುತ್ತಿದ್ದಾಗ ಹೋಗಿ, ನಿಂತೇ, ಎಲ್ಲವನ್ನೂ ಹೇಳಿದೆ. ಚಿಪ್ಪು, ತಂತಿ, ಒಣಗಿದ ಬೈರಾಸು, ನಾನು ಬಿಟ್ಟ ಸಾಲು. ‘ನಿನ್ನ ತಪ್ಪಲ್ಲ ಸತೀಶ, ನನ್ನದು’ ಎಂದೆ.

ಅವನು ಕೂಗಾಡಲಿಲ್ಲ. ಹಗ್ಗದ ಗಂಟನ್ನು ಕೈಯಲ್ಲೇ ಹಿಡಿದು, ವಾರಿಜಕ್ಕ ಮಲ್ಲಿಗೆ ಕಟ್ಟುತ್ತಿದ್ದ ಮೂಲೆಯನ್ನು ನೋಡುತ್ತಾ ಕೂತ. ಆಮೇಲೆ ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದ.

‘ಹಾಗಾದ್ರೆ ಅಮ್ಮನಿಗೆ ಸೆಕೆ ಆಯ್ತಾ ಟೀಚರ್?’

‘ಇಲ್ಲ ಮಗಾ. ಇಲ್ಲ.’

ಒಂದು ಕ್ಷಣವೂ ತಡೆಯಲಿಲ್ಲ ನಾನು. ಅವನು ತಲೆಯಾಡಿಸಿ ಗಂಟು ಬಿಗಿದ. ಅರ್ಧ ಗಂಟೆಯಲ್ಲಿ ಕಾರು ಬಂತು, ಹೋದ.

ಅಂದಿನಿಂದ ಯೋಚಿಸುತ್ತಿದ್ದೇನೆ. ಸತ್ತವರ ಆ ಕಡೆಯಿಂದ ಯಾವ ಉತ್ತರವೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ವಾರಿಜಕ್ಕ ಬದುಕಿದ್ದಷ್ಟು ದಿನ ಸೆಕೆಗೆ ಅಡಿಕೆ ಹಾಳೆಯ ಬೀಸಣಿಗೆ ಕೈಬಿಡದವರು. ಪ್ರತಿ ಏಪ್ರಿಲಿನಲ್ಲೂ ಬೇಲಿಯ ಹತ್ತಿರ ನಿಂತು, ‘ಸತ್ತ ಮೇಲಾದ್ರೂ ತಂಪು ಸಿಕ್ಕೀತು ಟೀಚರ್’ ಎಂದು ನಗುತ್ತಿದ್ದವರು. ನಾನು ಯಾರನ್ನೂ ವಿಚಾರಿಸದೆ, ಕೇಳಿದವನು ಹೆದರಬಾರದೆಂದು, ನನ್ನ ಹತ್ತಿರವಿದ್ದ ಹಳೆಯ ಸಮಾಧಾನವನ್ನು ತೆಗೆದುಕೊಟ್ಟೆ. ಎಷ್ಟು ಮೊದಲ ಪುಟ ತಿದ್ದಿದರೇನು? ಹನೀಫಾಕ ಅಂದು ಅಂಕಿಯ ಜಾಗದಲ್ಲಿ ಬರುತ್ತಿದ್ದ ಗೆರೆಯನ್ನು ಅಳಿಸಿದ್ದೂ ಹೀಗೆಯೇ ಇರಬೇಕು. ಗೊತ್ತಿಲ್ಲ ಎನ್ನಬೇಕಿತ್ತೇ ನಾನು? ವಿಮಾನ ಹತ್ತಲಿರುವ ಮಗನಿಗೆ? ಇಂದಿಗೂ ನನಗೆ ತಿಳಿಯುವುದಿಲ್ಲ.

ಸ್ಲೇಟು ಮೇಜಿನ ಮೇಲೆಯೇ ಇದೆ. ನಮ್ಮ ಊರಿನ ಗಾಳಿಯ ಪಸೆಗೆ ಬಳಪ ನಿಲ್ಲುವುದಿಲ್ಲ; ವಾರಕ್ಕೊಮ್ಮೆ ನಾನು ಹನೀಫಾಕರ ಅಕ್ಷರಗಳ ಮೇಲೆಯೇ ಮತ್ತೆ ತಿದ್ದುತ್ತೇನೆ, ಈಗ ಅದು ಅವರ ಅಕ್ಷರವೋ ನನ್ನದೋ ಹೇಳುವುದು ಕಷ್ಟ. ಕಳೆದ ವಾರ ಸತೀಶ ಫೋನು ಮಾಡಿದ್ದ. ಮಾತೆಲ್ಲ ಮುಗಿದ ಮೇಲೆ, ‘ಟೀಚರ್, ಅಮ್ಮನಿಗೆ ಸೆಕೆ ಆಗ್ಲಿಲ್ಲ ಅಂತ ನೀವು ಅವತ್ತು ಹೇಳಿದ್ದಕ್ಕೆ ನಂಗೆ ನಿದ್ದೆ ಬರ್ತದೆ’ ಎಂದ. ನಾನು ಸ್ಲೇಟನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ‘ಒಳ್ಳೇದಾಯ್ತು ಮಗಾ’ ಎಂದೆ.